ಹತ್ತು ದಶಾಂಶದ ಬೋಪು

ಪೊನ್ನಪ್ಪ: ಮೇಷ್ಟ್ರೇ, ನಮ್ಮ ಬೋಪು ನೀವು ಕೊಟ್ಟ ಲೆಕ್ಕ ಚಿಟಿಕೆ ಹೊಡೆಯೋದ್ರೊಳಗೆ ಮುಗಿಸಿದ! 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡು, ತಳದಲ್ಲಿ ಸಿಲ್ವರ್ ಕ್ಲೋರೈಡು, ಅದರಲ್ಲಿ ಬೆಳ್ಳಿ ತಂತಿ; ತಂತಿಯ ವಿಭವ ಎಷ್ಟು ವೋಲ್ಟ್ ಅಂತ ತಾನೇ ಕೇಳಿದ್ದು? ಓದೋ.

ಬೋಪು: 0.2813121323 ವೋಲ್ಟ್, ಸರ್.

ಮೇಷ್ಟ್ರು: ಕೊನೇ ಆ 3ನ್ನ ಹುಡುಕೋಕೆ ಎಷ್ಟು ಬೆವರು ಸುರಿಸಿದೆಯೋ ಪಾಪ.

ಬೋಪು: ಫೋನೇ ಕೊಟ್ಟಿತು.

ಮೇಷ್ಟ್ರು: ಬರಬೇಕಾದ್ದು 0.288. ಹತ್ತು ದಶಾಂಶ ಬರೆದು ಮೂರನೇದರಲ್ಲೇ ಮುಗ್ಗರಿಸಿದ್ದೀಯ. ಈಗಿನವರಿಗೆ ಉತ್ತರ ಉದ್ದ ಇದ್ರೆ ಸಾಕು.

ಸುಬ್ಬಯ್ಯ: ಏಳು ಮಿಲಿವೋಲ್ಟಿಗೆ ಇಷ್ಟು ರಂಪವಾ? ಮಳೆಗಾಲದಲ್ಲಿ ನಮ್ಮನೆಗೆ ವೋಲ್ಟೇ ಬರಲ್ಲ!

ಮೇಷ್ಟ್ರು: ಅಯಾನಿನ ಪ್ರಮಾಣದಿಂದ ವೋಲ್ಟ್ ತೆಗೆಯೋ ನರ್ನ್‌ಸ್ಟ್ ಸಮೀಕರಣ ಸರಿ. ಬೆಳ್ಳಿಯ ಪ್ರಮಾಣಿತ ವಿಭವ 0.799, ಪ್ರತಿ ಹತ್ತುಪಟ್ಟಿಗೆ 0.0592, ಅದೂ ಸರಿ. ಸಿಲ್ವರ್ ಕ್ಲೋರೈಡಿನ ಕೆಎಸ್‌ಪಿ, ಅಂದ್ರೆ ಕರಗುವಿಕೆಯ ಗುಣಲಬ್ಧ, 1.8 × 10⁻¹⁰ನ್ನ ಭಾಗಿಸಿದ್ದು ಮಾತ್ರ ಕ್ಲೋರೈಡಿನ ಸಾಂದ್ರತೆ 0.1ರಿಂದ. ಆಕ್ಟಿವಿಟಿಯಿಂದ, ಅಂದ್ರೆ ನಿಜವಾಗಿ ಕೆಲಸಕ್ಕೆ ಬರೋ ಸಾಂದ್ರತೆಯಿಂದ ಭಾಗಿಸಬೇಕು. ಅಲ್ಲಿ ಸಾಂದ್ರತೆಯನ್ನ ಗುಣಿಸಬೇಕಾದ ಗುಣಾಂಕ ಸುಮಾರು 0.77, ಅಂದ್ರೆ 0.077. ಆಗ ಬೆಳ್ಳಿ ಅಯಾನಿನ ಆಕ್ಟಿವಿಟಿ 2.3 × 10⁻⁹.

ಪೊನ್ನಪ್ಪ: ಇದ್ದದ್ದು ನೂರು, ಲೆಕ್ಕಕ್ಕೆ ಎಪ್ಪತ್ತೇಳು. ಮಿಕ್ಕವು ಎಲ್ಲಿ ಹೋದವು?

ಮೇಷ್ಟ್ರು: ಎಲ್ಲೂ ಹೋಗಿಲ್ಲ. ನಿಮ್ಮ ಮದುವೆ ಮನೆಗೆ ನೂರು ಜನ ಬರ್ತಾರೆ, ವಾಲಗ ಶುರುವಾದ್ರೆ ಎಲ್ಲರೂ ಕುಣೀತಾರಾ? ಒಬ್ಬೊಬ್ಬನ್ನ ಸುತ್ತ ನಾಲ್ಕು ನೆಂಟರು ಮುತ್ತಿಕೊಂಡು ತೋಟದ ಸುದ್ದಿ ಕೇಳ್ತಿರ್ತಾರೆ. ಧನ ಅಯಾನನ್ನ ಋಣ ಅಯಾನುಗಳು ಮುತ್ತೋದೂ ಹಾಗೇ. ಡಿಬೈ, ಹ್ಯೂಕೆಲ್ ಅನ್ನೋ ವಿಜ್ಞಾನಿಗಳು 1923ರಲ್ಲಿ ಇದನ್ನೇ ಲೆಕ್ಕಕ್ಕೆ ಹಿಡಿದಿದ್ದು.

ಸುಬ್ಬಯ್ಯ: ಬಿಡಿಸೋಕೆ ದಾರಿ?

ಮೇಷ್ಟ್ರು: ನೀರು ಬೆರೆಸಬೇಕು. ಬೆರೆಸಿದಷ್ಟೂ ಗುಣಾಂಕ ಒಂದಕ್ಕೆ ಹತ್ತಿರ ಬರುತ್ತೆ.

ಸುಬ್ಬಯ್ಯ: ಅಲ್ಲೇ ತಪ್ಪಿದ್ದು ನಿಮ್ಮ ಶಾಸ್ತ್ರ. ನಮ್ಮಲ್ಲಿ ನೀರು ಬೆರೆಸದೆ ಇದ್ರೇನೇ ಕುಣಿಯೋದು!

ಮೇಷ್ಟ್ರು: ಇನ್ನೊಂದು. ಆ 0.0592 ಇಪ್ಪತ್ತೈದು ಡಿಗ್ರಿಯದ್ದು. ಈ ಮಳೇಲಿ ಮಡಿಕೇರಿ ಹದಿನೆಂಟಕ್ಕಿಳಿದ್ರೆ 0.0578. ಬೋಪುವಿನ ಫೋನು ಬೆಂಗಳೂರಲ್ಲಿ ಕೂತು ಲೆಕ್ಕ ಮಾಡಿರಬೇಕು.

ಪೊನ್ನಪ್ಪ: ಎಲ್ಲರೂ ಅಲ್ಲೇ ತಾನೇ ಕೂತಿರೋದು. ನಮ್ಮ ಒಕ್ಕದ ಪಟ್ಟೀಲಿ, ಇಡೀ ಕುಲ ಸೇರಿ, ಅರವತ್ತು ಹೆಸರಿದೆ. ಹೋದ ಹುತ್ತರಿ ಹಬ್ಬಕ್ಕೆ ಹಿರಿಯರ ಕಾಲದ ಐನ್‌ಮನೆಯಿಂದ ಗದ್ದೆಗೆ ಕದಿರು ತೆಗೆಯೋಕೆ ಇಳಿದವರು ಒಂಬತ್ತು. ಮಿಕ್ಕವರು ವಾಟ್ಸಾಪಲ್ಲಿ ಕೈ ಮುಗಿದ್ರು.

ಬೋಪು: ಗುಣಾಂಕ 0.15, ಪಪ್ಪ.

ಮೇಷ್ಟ್ರು: ಭೇಷ್! ಎರಡೇ ದಶಾಂಶ.

ಪೊನ್ನಪ್ಪ: ಈ ಸಲ ಹುತ್ತರೀಲಿ ಕೋವಿ ಹಿಡಿಯೋದು ನೀನೇ ಕಣೋ.

ಬೋಪು: ಆಗ ನಂಗೆ ಪರೀಕ್ಷೆ ಇರುತ್ತೆ, ಪಪ್ಪ.

ಸುಬ್ಬಯ್ಯ: ಹಾಗಾದ್ರೆ 0.13.