ಅರವತ್ತು ದಾಟಿದ ಮೇಲೆ ದೇವರ ಕೆಲಸಕ್ಕೆ ಪರದೇಶ: ಹೋಗಿ ಬಂದವರು ದಯವಿಟ್ಟು ಹೇಳಿ

ಕೇಳಿದವರು: ಸರಸ್ವತಿಪುರಂ, ಮೈಸೂರು
ನಮ್ಮ ಯಜಮಾನರಿಗೆ 64, ನನಗೆ 61. ಅವರು ಅಶೋಕಪುರಂ ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾದ ಮೇಲೆ ನಮ್ಮ ಬೀದಿಯ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದಾರೆ. ಈಗ ಅಮೆರಿಕದ ಓಹಾಯೋ ರಾಜ್ಯದ ಒಂದು ದೇವಸ್ಥಾನದವರು ಸಹಾಯಕ ಅರ್ಚಕರಾಗಿ ಕರೆದಿದ್ದಾರೆ. ಧಾರ್ಮಿಕ ಕೆಲಸಕ್ಕೆ ಬರುವವರಿಗೆ ಕೊಡುವ ಆರ್-1 ವೀಸಾ, ಮೊದಲು 30 ತಿಂಗಳು. ನನಗೆ ಸಕ್ಕರೆ ಕಾಯಿಲೆ ಇದೆ, ಮೊಣಕಾಲು ನೋವಿದೆ. ಹೋಗಬಹುದೇ? ಅಲ್ಲಿ ಹೆಂಗಸರ ದಿನ ಹೇಗೆ ಕಳೆಯುತ್ತದೆ?

ಕುವೆಂಪುನಗರ, ಅರ್ಚಕರ ಪತ್ನಿ
ಅಮ್ಮಾ, ನಾನು ಎರಡು ವರ್ಷ ಅಲ್ಲಿದ್ದು ಬಂದವಳು. ಊರು ಯಾವುದೆಂದು ಹೇಳುವುದಿಲ್ಲ. ಯಜಮಾನರಿಗೆ ಆರ್-1 ಆದರೆ ಹೆಂಡತಿಗೆ ಆರ್-2. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಆದರೆ ಶನಿವಾರ, ಭಾನುವಾರ ದೇವಸ್ಥಾನದ ಅಡುಗೆಮನೆಯಲ್ಲಿ ಇನ್ನೂರು ಜನಕ್ಕೆ ಪುಳಿಯೋಗರೆ ಕಲಸಿದವಳು ನಾನೇ. ಕೇಳಿದರೆ ಸೇವೆ ಎಂದರು. ಸೇವೆಯೇ ಸರಿ, ನಾನೂ ಹಾಗೆಯೇ ತಿಳಿದು ಮಾಡಿದೆ. ಬಲಗೈ ಮಣಿಕಟ್ಟು ಇಂದಿಗೂ ಸರಿಯಾಗಿಲ್ಲ.

ಆರೋಗ್ಯ ವಿಮೆ ಯಜಮಾನರಿಗೆ ಮಾತ್ರ ಕೊಟ್ಟರು. ನನ್ನದಕ್ಕೆ ತಿಂಗಳಿಗೆ 410 ಡಾಲರ್ ಅವರ ಸಂಭಾವನೆಯಿಂದಲೇ ಹೋಗುತ್ತಿತ್ತು. ಅದರಲ್ಲಿ ಹಲ್ಲು ಸೇರಿರಲಿಲ್ಲ. ಎರಡನೆಯ ತಿಂಗಳಿಗೇ ದವಡೆ ಹಲ್ಲು ಕೈಕೊಟ್ಟಿತು. ಬೇರು ಚಿಕಿತ್ಸೆಗೆ 1,250 ಡಾಲರ್, ಮೇಲಿನ ಟೋಪಿಗೆ ಇನ್ನೊಂದು 1,100. ಟೋಪಿ ಹಾಕಿಸದೆ ಉಳಿದ ಅವಧಿಯೆಲ್ಲ ಎಡಗಡೆಯೇ ಅಗಿದು, ಮೈಸೂರಿಗೆ ಬಂದು ಹಾಕಿಸಿಕೊಂಡೆ. ಹಲ್ಲು ತೋರಿಸಿಕೊಳ್ಳದೆ ವಿಮಾನ ಹತ್ತಬೇಡಿ.

ಸಕ್ಕರೆ ಮಾತ್ರೆ ಅಲ್ಲಿ ಅಗ್ಗ. ಮಾತ್ರೆಯ ಚೀಟಿ ದುಬಾರಿ. ಒಂದು ಚೀಟಿಗಾಗಿ ವೈದ್ಯರಿಗೆ 180 ಡಾಲರ್ ಕೊಟ್ಟೆವು. ಊರಿನಿಂದ ಮೂರು ತಿಂಗಳದ್ದು ಒಯ್ದಿರಿ, ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ. ಮಿಕ್ಸಿ ಒಯ್ಯಬೇಡಿ. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ನಮ್ಮ ಮಿಕ್ಸಿ ಮುಲುಗುಟ್ಟಿತೇ ಹೊರತು ಒಂದು ಹಿಡಿ ಕಾಯಿ ರುಬ್ಬಲಿಲ್ಲ. ಅದರ ಐದು ಕೆಜಿ ಜಾಗದಲ್ಲಿ ಹುರಿಹಿಟ್ಟು ಒಯ್ಯಬಹುದಿತ್ತು.

ಶ್ರೀರಂಗಪಟ್ಟಣ, ವೈದಿಕರು
ತಾಯೀ, ಹಲ್ಲು, ಮಿಕ್ಸಿ ಆಮೇಲಿನ ಮಾತು. ಪೂಜೆಗೆ ಮೊದಲು ದೇಶ, ಕಾಲ ಹೇಳುವ ಸಂಕಲ್ಪವನ್ನು ನಿಮ್ಮ ಯಜಮಾನರು ಅಲ್ಲಿ ಹೇಗೆ ಹೇಳುತ್ತಾರೆ? ಭರತಖಂಡೇ, ಗೋದಾವರ್ಯಾ ದಕ್ಷಿಣೇ ತೀರೇ ಎನ್ನಲು ಅಲ್ಲಿ ಗೋದಾವರಿ ಎಲ್ಲಿದೆ? ಕ್ರೌಂಚದ್ವೀಪೇ, ರಮಣಕವರ್ಷೇ, ಐಂದ್ರಖಂಡೇ ಎಂದು ಅಲ್ಲಿ ರೂಢಿ ಮಾಡಿಕೊಂಡಿದ್ದಾರೆ. ಇದಕ್ಕೆ ಆಧಾರ ಕೊಡಿ ಎಂದು ಹದಿನೈದು ವರ್ಷದಿಂದ ಕೇಳುತ್ತಿದ್ದೇನೆ, ಯಾರೂ ಕೊಟ್ಟಿಲ್ಲ. ನನ್ನನ್ನೂ ಒಮ್ಮೆ ಕರೆದಿದ್ದರು. ತಂದೆಯವರು ಸಮುದ್ರ ದಾಟಬೇಡ ಎಂದರು, ದಾಟಲಿಲ್ಲ. ಕಾವೇರಿಯಲ್ಲಿ ಮಿಂದು ಮಾಡುವ ಸಂಧ್ಯಾವಂದನೆ ಬಿಟ್ಟು ನಲ್ಲಿಯ ಕೆಳಗೆ ನಿಲ್ಲುವುದು ನನ್ನಿಂದ ಆಗದು. ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ.

ಜಯಲಕ್ಷ್ಮೀಪುರಂ, ಅಲ್ಲಿ ಐದು ವರ್ಷ ಅರ್ಚಕ
ಶಾಸ್ತ್ರಿಗಳೇ, ನೀವು ಹೋಗಲಿಲ್ಲ, ನಾನು ಹೋದೆ. ಆರ್-1 ಅಡಿ ಗರಿಷ್ಠ ಅವಧಿ ಐದು ವರ್ಷ, ಅಷ್ಟನ್ನೂ ಪೂರೈಸಿದೆ. ಪಿಟ್ಸ್‌ಬರ್ಗ್‌ನಲ್ಲಿ ವೆಂಕಟೇಶ್ವರನ ಪ್ರತಿಷ್ಠೆ ಆದದ್ದು 1976ರಲ್ಲಿ, ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣಪತಿಯದು 1977ರಲ್ಲಿ. ಇಷ್ಟು ವರ್ಷ ಅಲ್ಲಿ ಪೂಜೆ ಮಾಡಿದವರೆಲ್ಲ ತಿಳಿಯದವರೇ?

ಪಂಚಾಂಗದ ಕೆಲಸವನ್ನು ಅಲ್ಲಿಗೆ ಹೋದ ಮೇಲೆ ಹೊಸದಾಗಿ ಕಲಿತೆ. ಚಳಿಗಾಲದಲ್ಲಿ ಓಹಾಯೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ಬೆಳಗ್ಗೆ ಎಂಟಕ್ಕೆ ಹಿಡಿಯುವ ಏಕಾದಶಿ ಅಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆಗೇ ಹಿಡಿಯುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಇಲ್ಲಿ ಅಂದಿನ ಸೂರ್ಯೋದಯಕ್ಕೆ ಸಿಕ್ಕದ ಏಕಾದಶಿ ಅಲ್ಲಿ ಅದೇ ತಾರೀಕಿನ ಸೂರ್ಯೋದಯಕ್ಕೆ ಸಿಕ್ಕಿಬಿಡುತ್ತದೆ. ಮೈಸೂರಿನ ಪಂಚಾಂಗ ನೋಡಿ ಉಪವಾಸ ಹೇಳಿದರೆ ತಪ್ಪುತ್ತದೆ. ಮೊದಲ ವರ್ಷ ನಾನೇ ತಪ್ಪು ಹೇಳಿ ಎಲ್ಲರ ಮುಂದೆ ಕೈಮುಗಿದು ಒಪ್ಪಿಕೊಂಡೆ.

ಚಳಿ ಎಂದರೆ ಏನೆಂದು ಅಲ್ಲಿ ತಿಳಿಯಿತು. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಕತ್ತಲು. ಮಡಿ ಪಂಚೆಯನ್ನು ಅಭ್ಯಾಸಬಲದಿಂದ ಹೊರಗೆ ಹರವಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹಪ್ಪಳದ ಹಾಗೆ ಸೆಟೆದು ನಿಂತಿತ್ತು, ಮಡಚಲು ಹೋದರೆ ಚಟಚಟ ಎಂದಿತು. ಆದರೂ ಹೋಗಿ ಎನ್ನುತ್ತೇನೆ. ಏಳು ವರ್ಷದ ಮಗುವೊಂದು ಪುರುಷಸೂಕ್ತ ಪೂರ್ತಿ ಹೇಳಿದ ದಿನ ನನ್ನ ಕಣ್ಣು ತುಂಬಿತ್ತು. ಕುವೆಂಪುನಗರದ ತಾಯಿಯವರಿಗೆ ಒಂದು ಮಾತು: ಪ್ರಸಾದ ಕಲಸಿದ್ದಕ್ಕೆ ಲೆಕ್ಕ ಇಡಬಾರದು.

ಕುವೆಂಪುನಗರ, ಅರ್ಚಕರ ಪತ್ನಿ
ಲೆಕ್ಕ ನಾನು ಇಟ್ಟಿಲ್ಲ, ನನ್ನ ಮಣಿಕಟ್ಟು ಇಟ್ಟಿದೆ. ನಿಮ್ಮ ಮನೆಯವರು ಅಲ್ಲಿ ಎಷ್ಟು ವರ್ಷ ಇದ್ದರು ಸ್ವಾಮಿ, ಹೇಳಿ ನೋಡೋಣ.

ಜಯಲಕ್ಷ್ಮೀಪುರಂ, ಅಲ್ಲಿ ಐದು ವರ್ಷ ಅರ್ಚಕ
ಎಂಟು ತಿಂಗಳು. ನನ್ನ ತಾಯಿಯವರನ್ನು ನೋಡಿಕೊಳ್ಳಲು ಹಿಂದಿರುಗಿದಳು. ಅದು ನಮ್ಮ ಮನೆಯ ವಿಚಾರ.

ಮಂಡ್ಯ, ಸುಭಾಷ್‌ನಗರ, ನಿವೃತ್ತ ಶುಶ್ರೂಷಕಿ
ನಾವು ಕ್ರೈಸ್ತರು. ನಮ್ಮ ಚರ್ಚಿನ ಸಭೆಯ ಪರವಾಗಿ ನಾನೂ ನಮ್ಮವರೂ ಉಗಾಂಡಾದಲ್ಲಿ ಹದಿನೆಂಟು ತಿಂಗಳು ಇದ್ದೆವು. ಅವರು ಶಾಲೆಯಲ್ಲಿ, ನಾನು ಚಿಕ್ಕ ದವಾಖಾನೆಯಲ್ಲಿ. ಖರ್ಚೆಲ್ಲ ನಮ್ಮದೇ.

ಹೊರಡುವ ಮೊದಲೇ ಹಳದಿ ಜ್ವರದ ಲಸಿಕೆಯ ವಿಚಾರದಲ್ಲಿ ಸುಸ್ತಾದೆವು. ಅರವತ್ತು ದಾಟಿದವರಿಗೆ ಅಪಾಯ ಸ್ವಲ್ಪ ಹೆಚ್ಚು, ಯೋಚಿಸಿ ಎಂದು ವೈದ್ಯರು ವಾಪಸ್ ಕಳುಹಿಸಿದರು. ಮಂಡ್ಯದಿಂದ ಬೆಂಗಳೂರಿಗೆ ಮೂರು ಸಲ ಬಸ್ಸಿನಲ್ಲಿ ಓಡಾಡಿದೆವು. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಅದು ತಿಳಿಯದೆ ಮೊದಲ ಟಿಕೆಟ್ ರದ್ದು ಮಾಡಿ 38,000 ರೂಪಾಯಿ ಕಳೆದುಕೊಂಡೆವು. ಆ ಪತ್ರವಿಲ್ಲದೆ ಹಿಂದಿರುಗಿದರೆ ನಮ್ಮ ದೇಶದವರೇ ಆರು ದಿನ ಪ್ರತ್ಯೇಕವಾಗಿ ಇಡುತ್ತಾರೆ. ಅಷ್ಟಾದರೂ ಮಲೇರಿಯಾ ನಮ್ಮವರನ್ನು ಎರಡು ಸಲ ಹಿಡಿಯಿತು.

ಊಟದ ಚಿಂತೆ ನಮಗೆ ಬರಲಿಲ್ಲ. ಮುಸುಕಿನ ಜೋಳದ ಹಿಟ್ಟಿನ ಪೋಷೋ, ರಾಗಿಯಿಂದ ಮಾಡುವ ಕಲೋ. ಕಲೋ ಎಂದರೆ ಹೆಚ್ಚುಕಡಿಮೆ ನಮ್ಮ ಮುದ್ದೆಯೇ. ರಾಗಿಯ ಮೂಲ ಪೂರ್ವ ಆಫ್ರಿಕಾ ಎಂಬುದು ಗೊತ್ತಿರಲಿಲ್ಲ. ಮಂಡ್ಯದವರು ರಾಗಿಯ ತವರಿಗೇ ಬಂದಿದ್ದೇವೆ ಎಂದು ನಮ್ಮವರು ಮೊದಲ ತುತ್ತಿಗೇ ಅತ್ತುಬಿಟ್ಟರು. ಹೆಣ್ಣುಮಕ್ಕಳು ಹಿರಿಯರ ಮುಂದೆ ಮೊಣಕಾಲೂರಿ ನಮಸ್ಕರಿಸುತ್ತಾರೆ. ಮೊದಮೊದಲು ಏಳಮ್ಮಾ ಎಂದು ಕೈಹಿಡಿದು ಎಬ್ಬಿಸುತ್ತಿದ್ದೆ. ಆಮೇಲೆ ಅಲ್ಲಿಯ ಮರ್ಯಾದೆ ಅದೇ ಎಂದು ತಿಳಿಯಿತು.

ಶ್ರೀರಂಗಪಟ್ಟಣ, ವೈದಿಕರು
ಆ ತಾಯಿಯ ಸೇವೆ ದೊಡ್ಡದು, ಆದರೆ ಅದನ್ನು ಇಲ್ಲಿಗೆ ತರುವುದು ಬೇಡ. ಅರ್ಚಕರಿಗೆ ಆಚಾರವೇ ಮೊದಲು.

ಮಂಡ್ಯ, ಸುಭಾಷ್‌ನಗರ, ನಿವೃತ್ತ ಶುಶ್ರೂಷಕಿ
ಅಯ್ಯನವರೇ, ಈ ವಯಸ್ಸಿನಲ್ಲಿ ಮನೆಗೆ ಬೀಗ ಹಾಕಿ ಹೊರಟವರ ಹೊಟ್ಟೆಯ ಸಂಕಟ ಎರಡು ಜಾತಿಯದಲ್ಲ. ಕೇಳಿದ ಅಕ್ಕನಿಗೆ ಬೇಕಾದುದನ್ನು ಹೇಳುತ್ತಿದ್ದೇನೆ. ನೀವು ಎಲ್ಲಿಗೂ ಹೋಗಿಲ್ಲ.

ವಿಜಯನಗರ, ಬ್ಯಾಂಕಿನಿಂದ ನಿವೃತ್ತ
ನಿಮ್ಮ ಜಗಳ ನಡೆಯಲಿ. ಹಣದ ಮಾತು ಯಾರೂ ಆಡಿಲ್ಲ. ಹೊರದೇಶದಲ್ಲಿ ಕೆಲಸಕ್ಕೆ ನಿಂತ ಮೇಲೆ ಇಲ್ಲಿಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ ಎಂದು ಹಿರಿಯರು ಬ್ಯಾಂಕಿಗೆ ಕೊಡುವ ನಮೂನೆಯನ್ನು ಅನಿವಾಸಿಯಾದವರು ಕೊಡುವಂತಿಲ್ಲ, ಠೇವಣಿಯ ಬಡ್ಡಿಯಲ್ಲಿ ನೂರಕ್ಕೆ 30ರಷ್ಟು ಮೂಲದಲ್ಲೇ ಮುರಿಯುತ್ತಾರೆ, ಮೇಲೆ ಸೆಸ್ ಬೇರೆ. ನನ್ನ ಅಣ್ಣ ಮಠದ ಕೆಲಸಕ್ಕೆ ಹೋಗಿದ್ದಾಗ ಇದು ತಿಳಿಯದೆ ಎರಡು ವರ್ಷ ಅಲೆದಾಡಿದ. ಪಿಂಚಣಿಗೆ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕು. ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು, ಆದರೆ ಒಟಿಪಿ ಊರಿನ ಸಿಮ್ಮಿಗೆ ಬರುತ್ತದೆ. ಅಣ್ಣ ಆ ಸಿಮ್ಮಿಗೆ ಹಣ ಹಾಕದೆ ಬಿಟ್ಟಿದ್ದರಿಂದ ನಾಲ್ಕು ತಿಂಗಳು ಪಿಂಚಣಿ ನಿಂತಿತು.

ಜಯಲಕ್ಷ್ಮೀಪುರಂ, ಅಲ್ಲಿ ಐದು ವರ್ಷ ಅರ್ಚಕ
ಅರ್ಚಕರ ಖಾತೆಯ ಲೆಕ್ಕ ಬೇರೆ ಇರುತ್ತದೆ. ನಾನು ಏನನ್ನೂ ಬದಲಾಯಿಸಲಿಲ್ಲ, ಏನೂ ಆಗಲಿಲ್ಲ.

ವಿಜಯನಗರ, ಬ್ಯಾಂಕಿನಿಂದ ನಿವೃತ್ತ
ಬೇರೆ ಲೆಕ್ಕ ಇಲ್ಲ. ಏನೂ ಆಗಲಿಲ್ಲ ಎಂಬುದನ್ನು ಬೇರೆಯವರಿಗೆ ಸಲಹೆಯಾಗಿ ಕೊಡಬೇಡಿ.

ಕೇಳಿದವರು: ಸರಸ್ವತಿಪುರಂ, ಮೈಸೂರು
ಎಲ್ಲರಿಗೂ ನಮಸ್ಕಾರ. ಸಂಕಲ್ಪದ ವಿಷಯವನ್ನು ಯಜಮಾನರು ತಮ್ಮ ಗುರುಗಳನ್ನು ಕೇಳುತ್ತಾರಂತೆ. ನನ್ನ ಮೊಣಕಾಲಿನ ಬಗ್ಗೆ ಯಾರೂ ಹೇಳಲಿಲ್ಲ.

ಕುವೆಂಪುನಗರ, ಅರ್ಚಕರ ಪತ್ನಿ
ನನ್ನದೇ ದುಃಖದಲ್ಲಿ ಮರೆತೆ, ತಾಯೀ. ಅರ್ಚಕರಿಗೆ ಕೊಡುವ ಮನೆಯ ಚಿತ್ರ ಕಳುಹಿಸಿ ಎಂದು ಈಗಲೇ ಕೇಳಿ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿತ್ತು. ಹದಿಮೂರು ಮೆಟ್ಟಿಲು, ಹಿಡಿಕೆ ಒಂದೇ ಕಡೆ. ಮಡಿ ಬಟ್ಟೆ ದಿನವೂ ಒಗೆಯಬೇಕು. ಒದ್ದೆ ಬಟ್ಟೆಯ ಬುಟ್ಟಿ ಎರಡು ಕೈಯಲ್ಲಿದ್ದರೆ ಹಿಡಿಕೆ ಹಿಡಿಯಲು ಕೈ ಇರುವುದಿಲ್ಲ. ಯಂತ್ರ ಮನೆಯ ಮಟ್ಟದಲ್ಲೇ ಇರಲಿ ಎಂದು ಬರೆಸಿಕೊಂಡ ಮೇಲೆ ಒಪ್ಪಿಗೆ ಕೊಡಿ.