ಸಮಸ್ಯೆ: "ಕಡಲಂ ಮುನ್ನೂರು ಚಾಟಿಯಿಂ ಬಡಿಸಿದನೈ"

ಛಂದೋಮಿತ್ರ: ಎಲ್ರಿಗೂ ನಮಸ್ಕಾರ. ಹೋದ ಸಲದ ಸಮಸ್ಯೆ ತೀರಾ ಸುಲಭ ಆಯ್ತು ಅಂತ ಬೈಸ್ಕೊಂಡಿದೀನಿ, ಅದಕ್ಕೆ ಈ ಸಲ ಕಂದದ ಕೊನೇ ಸಾಲು ಕೊಡ್ತಿದೀನಿ, ಮೊದಲ ಮೂರು ಸಾಲು ನೀವು ತುಂಬಿ:

ಕಡಲಂ ಮುನ್ನೂರು ಚಾಟಿಯಿಂ ಬಡಿಸಿದನೈ

ಪ್ರಾಸ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ, ಡಕಾರ, ಪ್ರತಿ ಪಾದದ ಮೊದಲಕ್ಷರ ಲಘು. ಒಂದೇ ಕಂಡೀಶನ್ನು, ಕಥೆ ಗ್ರೀಕರು-ಪರ್ಷಿಯನ್ನರ ಯುದ್ಧದ್ದೇ ಆಗಿರಬೇಕು. ಕಡಲಿಗೆ ಯಾರಾದ್ರೂ ಹೊಡೆಸ್ತಾರಾ ಅಂತ ಕೇಳ್ಬೇಡಿ, ಹೊಡೆಸಿದಾರೆ.

ಹೊಸಲಘು: ಸರ್ ನಾನು ಸಾಲು ನೋಡಿದ ತಕ್ಷಣ ರಾಮ, ಸೇತುವೆ, ಸಮುದ್ರರಾಜನ ಮೇಲೆ ಬಾಣ ಅಂದ್ಕೊಂಡು ಅರ್ಧ ಪದ್ಯ ಬರೆದೂಬಿಟ್ಟೆ, ಆಮೇಲೆ ಕಂಡೀಶನ್ ಓದಿದೆ 😭 ಈಗ ಮತ್ತೆ ಶುರು. "ಸಮುದ್ರರಾಜಂಗೆ ಮುನಿದು" ಅಂತ ಎತ್ಕೊಂಡ್ರೆ ನಡೆಯತ್ತಾ?

ಯತಿಭಂಗ: ನಡೆಯಲ್ಲ ಮಾರಾಯ. "ಸಮುದ್ರ" ಜಗಣ, ಸ ಲಘು, ಮು ಒತ್ತಿನ ಹಿಂದೆ ಇದೆ ಆದ್ದರಿಂದ ಗುರು, ದ್ರ ಲಘು. ಕಂದದಲ್ಲಿ ನಾಕು ನಾಕು ಮಾತ್ರೆಯ ಗಣ, ಅದ್ರಲ್ಲಿ ಬೆಸ ಗಣದಲ್ಲಿ ಜಗಣ ಬರಂಗಿಲ್ಲ, ನೀನು ಮೊದಲನೇ ಗಣಕ್ಕೇ ಇಟ್ಟಿದೀಯ. ಅದೂ ಅಲ್ದೆ ಪ್ರಾಸ ಡಕಾರ, ನಿಂದು ಮಕಾರ. ಒಂದೇ ಏಟಿಗೆ ಎರಡು ತಪ್ಪು, ನಿಂಗೂ ಚಾಟಿ ಬೀಳ್ಬೇಕು.

ತಗೋ, ನಂದು ಹೀಗಿದೆ:

ಕಡುಗಾಳಿಗೆ ಸೇತುವೆ ಮುರಿ-
ದೊಡೆ ಮನದೊಳ್ ಪಾರಸೀಕರರಸಂ ಮುಳಿದಂ |
ಬೆಡಗಿನ ಹೆಲ್ಲೆಸ್ಪಾಂಟಿನ
ಕಡಲಂ ಮುನ್ನೂರು ಚಾಟಿಯಿಂ ಬಡಿಸಿದನೈ ||

ಕಥೆ ಗೊತ್ತಿಲ್ದೋರಿಗೆ: ಕ್ರಿ.ಪೂ. 480ರ ದಂಡಯಾತ್ರೆಗೆ ಮುಂಚೆ ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಏಷ್ಯಾದಿಂದ ಯುರೋಪಿಗೆ ಸೈನ್ಯ ದಾಟಿಸೋಕೆ ಹೆಲ್ಲೆಸ್ಪಾಂಟ್ ಮೇಲೆ, ಅಂದ್ರೆ ಈಗಿನ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿ ಮೇಲೆ, ಎರಡು ಸೇತುವೆ ಕಟ್ಟಿಸಿದ. ಒಂದಕ್ಕೆ ಫಿನೀಷಿಯನ್ನರು ಅಗಸೆ ನಾರಿನ ಹಗ್ಗ ಹಾಕಿದ್ರು, ಇನ್ನೊಂದಕ್ಕೆ ಈಜಿಪ್ಟಿನೋರು ಪಪೈರಸ್ ಹಗ್ಗ. ಕಟ್ಟಿ ಮುಗಿಸ್ತಿದ್ದಂಗೇ ಬಿರುಗಾಳಿ ಬಂದು ಎರಡೂ ಚೂರುಚೂರು. ಆಗ ಸಾಹೇಬ್ರು ನೀರಿಗೆ 300 ಛಡಿಯೇಟು ಅಂತ ಆರ್ಡರ್ ಮಾಡಿದ್ರು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದು, ನನ್ನ ಕಲ್ಪನೆ ಅಲ್ಲ.

ಇರುವಂತಿಗೆ: ಪದ್ಯ ಓಡತ್ತೆ, ಆದ್ರೆ ಆ "ಬೆಡಗಿನ" ಯಾಕೆ ಬಂತು ಅಂತ ಎಲ್ರಿಗೂ ಗೊತ್ತಾಗ್ತಿದೆ 🙂 ರಾಜ ಉರ್ಕೊಂಡು ಕಡಲಿಗೆ ಹೊಡೆಸ್ತಿರೋ ಹೊತ್ತಲ್ಲಿ ಅದರ ಬೆಡಗು ಯಾರಿಗೆ ಕಾಣತ್ತೆ ಹೇಳಿ.

ಯತಿಭಂಗ: ಪ್ರಾಸಕ್ಕೆ ತಂದಿದ್ದು ಅಕ್ಕಾ, ಒಪ್ಕೊಂಡೆ. "ಹೆಲ್ಲೆಸ್ಪಾಂಟಿನ" ಎಂಟು ಮಾತ್ರೆ ತಾನೇ ನುಂಗತ್ತೆ, ಉಳಿದ ನಾಕು ಮಾತ್ರೆಯಲ್ಲಿ ನಾನು ಇನ್ನೇನು ತುಂಬ್ಲಿ.

ಹೊಸಲಘು: ಎರಡು ಗಂಟೆ ಬೆರಳು ಎಣಿಸಿ ಎಣಿಸಿ ಬಂತು ಇದು, ಬೈಬೇಡಿ:

ತಡವಿಲ್ಲದೆ ಶಿಲ್ಪಿಗಳಂ
ಕಡಿಸಿದೊಡಂ ಕೋಪಮಾರದಿರೆ ಸಂಕಲೆಯಂ |
ಕಡೆಗಾ ನೀರ್ಗಿಕ್ಕಿ ಮುನಿದು
ಕಡಲಂ ಮುನ್ನೂರು ಚಾಟಿಯಿಂ ಬಡಿಸಿದನೈ ||

ಸೇತುವೆ ಕಟ್ಟಿದ ಮೇಸ್ತ್ರಿಗಳ ತಲೆ ತೆಗೆಸಿದ್ದು, ಕಡಲಿಗೆ ಒಂದು ಜೊತೆ ಬೇಡಿ ಎಸೆಸಿದ್ದು ಎರಡೂ ನಿಜ. ಹೆರೊಡೋಟಸ್ ಹೇಳೋ ಕ್ರಮದಲ್ಲಿ ಏಟು ಮತ್ತೆ ಬೇಡಿ ಮೊದಲು, ತಲೆ ಆಮೇಲೆ. ನಾನು ಸಮಸ್ಯೆ ಸಾಲು ಕೊನೇಲಿರೋದ್ರಿಂದ ಉಲ್ಟಾ ಮಾಡ್ಕೊಂಡೆ.

ಛಂದೋಮಿತ್ರ: ಭಲೇ! ಆರನೇ ಗಣ "ಪಮಾರ", ಅಲ್ಲಿ ಜಗಣ ಬಂದಿರೋದು ಸರಿಯಾಗೇ ಇದೆ, ಬೆಳಿಗ್ಗೆ ಮೊದಲನೇ ಗಣದಲ್ಲಿ ಜಗಣ ಇಟ್ಟವನು ಸಂಜೆಗೆ ಅದು ಇರಬೇಕಾದ ಕಡೆಗೆ ತಂದಿಟ್ಟಿದಾನೆ. "ಕೋಪಮಾರದಿರೆ" ಚೆನ್ನಾಗಿ ಬಿತ್ತು. ಕ್ರಮ ತಿರುಗಿಸಿದ್ದಕ್ಕೆ ನಂಗೆ ತಕರಾರಿಲ್ಲ, ಮನುಷ್ಯರನ್ನ ಕೊಂದ್ರೂ ಸಿಟ್ಟು ಇಳೀದೆ ನೀರಿಗೆ ತಿರುಗಿದ ಅಂದ್ರೆ ಹುಚ್ಚು ಜಾಸ್ತಿ ಕಾಣತ್ತೆ.

ಅಂದ ಹಾಗೆ ಹೊಡೆಯೋರು ಬರೀ ಹೊಡೀಲಿಲ್ಲ, ಬೈಕೊಂಡು ಹೊಡೀಬೇಕು ಅಂತಲೂ ಹೇಳಿ ಕಳ್ಸಿದ್ನಂತೆ, ಕಹಿ ನೀರೇ ಅಂತ ಕರೆದು, ನೀನು ಒಪ್ಪಿದ್ರೂ ಒಪ್ಪದಿದ್ರೂ ರಾಜ ದಾಟೇ ದಾಟ್ತಾನೆ ಅಂತ. ಮುಂದೆ ದಾಟಿದ್ದೂ ಹೌದು, ಹೊಸ ಮೇಸ್ತ್ರಿಗಳು ಒಂದು ಸಾಲಲ್ಲಿ 360, ಇನ್ನೊಂದರಲ್ಲಿ 314 ಹಡಗು ಜೋಡಿಸಿ, ಎರಡೂ ಥರದ ಹಗ್ಗ ಸೇರಿಸಿ ಬಿಗಿದು ಕಟ್ಟಿದ್ರು, ಏಳು ಹಗಲು ಏಳು ರಾತ್ರಿ ಸೈನ್ಯ ನಿಲ್ದೆ ದಾಟ್ತಂತೆ.

ಇರುವಂತಿಗೆ: ಇಬ್ರೂ ಕಡಲನ್ನ ಕಡಲು ಅಂತಲೇ ಇಟ್ಕೊಂಡ್ರಿ. ಮುನ್ನೂರು ಅಂದ ಕೂಡ್ಲೆ ನಂಗೆ ಬೇರೆ ಮುನ್ನೂರು ನೆನಪಾಯ್ತು:

ಪಡೆಯೆಂಬುದೆ ಕಡಲಾಗಿರೆ
ತಡೆದಾ ಕಣಿವೆಯೊಳೆ ನಿಂದು ಲಿಯೊನಿಡನಾಗಳ್ |
ಬಿಡುಗೂದಲ ಭಟರಿಂದಾ
ಕಡಲಂ ಮುನ್ನೂರು ಚಾಟಿಯಿಂ ಬಡಿಸಿದನೈ ||

ಹೊಸಲಘು: ಅಕ್ಕಾ!!! 🙏🙏

ಛಂದೋಮಿತ್ರ: ಇದಪ್ಪ ಪೂರಣ ಅಂದ್ರೆ. ಸಮಸ್ಯೆ ಕೊಟ್ಟವನಿಗೇ ಹೊಳೆದಿರ್ಲಿಲ್ಲ ಸುಳ್ಳು ಹೇಳಲ್ಲ. ಕ್ಸೆರ್ಕ್ಸಿಸನ ಬಾಯಿಂದ ಮುನ್ನೂರನ್ನ ಕಿತ್ಕೊಂಡು, ಥರ್ಮೋಪಿಲೆಯ ಇಕ್ಕಟ್ಟು ದಾರಿಯಲ್ಲಿ ಮುನ್ನೂರು ಸ್ಪಾರ್ಟನ್ನರ ಜೊತೆ ಅವನ ಪಡೆಯನ್ನ ತಡೆದ ಸ್ಪಾರ್ಟಾದ ರಾಜ ಲಿಯೊನಿಡಾಸನ ಕೈಗೆ ಕೊಟ್ಬಿಟ್ರಿ. "ಬಿಡುಗೂದಲ" ಕೂಡ ಸುಮ್ನೆ ಬಂದಿದ್ದಲ್ಲ ಅಲ್ವಾ?

ಇರುವಂತಿಗೆ: ಇಲ್ಲ ಸರ್. ಪರ್ಷಿಯನ್ನರ ಗೂಢಚಾರ ಕುದುರೆ ಮೇಲೆ ಬಂದು ಥರ್ಮೋಪಿಲೆಯಲ್ಲಿ ಇಣುಕಿ ನೋಡಿದಾಗ ಸ್ಪಾರ್ಟಾದೋರು ಕೆಲವರು ಕಸರತ್ತು ಮಾಡ್ತಿದ್ರಂತೆ, ಕೆಲವರು ಕೂದಲು ಬಾಚ್ಕೊಳ್ತಿದ್ರಂತೆ. ಕ್ಸೆರ್ಕ್ಸಿಸ್‌ಗೆ ನಗು ಬಂತು. ಆಗ ಅವನ ಜೊತೆಗಿದ್ದ ಡೆಮರಾಟಸ್, ಸ್ಪಾರ್ಟಾದಿಂದ ಓಡಿಬಂದಿದ್ದ ಹಳೇ ರಾಜ, ಅಯ್ಯಾ ಅವರು ಸಾಯೋಕೆ ರೆಡಿ ಆದಾಗ ತಲೆ ಬಾಚ್ಕೊಳ್ಳೋದು ಅವರ ಪದ್ಧತಿ ಅಂತ ಹೇಳಿದ. ನಂಬಲಿಲ್ಲ.

ಯತಿಭಂಗ: ಪದ್ಯ ಒಳ್ಳೇದು, ಹೊಟ್ಟೆಕಿಚ್ಚಾಗ್ತಿದೆ, ಹಾಗಾಗಿ ಮೂರು ಹುಳುಕು.

ಒಂದು, "ಕಣಿವೆ" ಅಂದ್ರೆ ಎರಡೂ ಕಡೆ ಬೆಟ್ಟ ಅನ್ಸತ್ತೆ. ಥರ್ಮೋಪಿಲೆಯಲ್ಲಿ ಒಂದ್ಕಡೆ ಬೆಟ್ಟ, ಇನ್ನೊಂದ್ಕಡೆ ಸಮುದ್ರ, ನಡುವೆ ಕೆಲವು ಕಡೆ ಒಂದು ಗಾಡಿ ಹೋಗುವಷ್ಟೇ ಜಾಗ. ಈಗ ಹೋಗಿ ನೋಡಿದ್ರೆ ಅದೂ ಇಲ್ಲ, ಹೂಳು ತುಂಬಿ ತುಂಬಿ ಸಮುದ್ರ ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿದುಬಿಟ್ಟಿದೆ.

ಎರಡು, ಅಲ್ಲಿ ನಿಜವಾದ ಚಾಟಿ ಇದ್ದಿದ್ದು ಪರ್ಷಿಯನ್ನರ ಹತ್ರಾನೇ! ದಂಡನಾಯಕರು ತಮ್ಮ ಸೈನಿಕರನ್ನೇ ಹಿಂದಿನಿಂದ ಚಾಟಿಯಲ್ಲಿ ಹೊಡೆದು ಹೊಡೆದು ಮುಂದಕ್ಕೆ ನೂಕ್ತಿದ್ರು ಅಂತ ಹೆರೊಡೋಟಸ್ ಬರೀತಾನೆ. ಅಂದ್ರೆ ಆ ಪಡೆಗಡಲಿಗೆ ಮುಂದಿನಿಂದ ಈಟಿ, ಹಿಂದಿನಿಂದ ಚಾಟಿ.

ಮೂರನೇದು ಬರೀ ಮುನ್ನೂರು ಅನ್ನೋದು. ಶುರುವಲ್ಲಿ ಅಲ್ಲಿ ಸುಮಾರು 7000 ಗ್ರೀಕರಿದ್ರು. ಎಫಿಯಾಲ್ಟಿಸ್ ಅನ್ನೋ ಅಲ್ಲಿಯವನೇ ಬೆಟ್ಟದ ಹಿಂದಿನ ದಾರಿ ತೋರಿಸಿಕೊಟ್ಟ ಮೇಲೆ ಹೆಚ್ಚಿನವರು ವಾಪಸ್ ಹೋದ್ರು. ಕೊನೇ ದಿನ ಲಿಯೊನಿಡಾಸನ ಜೊತೆ ನಿಂತವರಲ್ಲಿ ಥೆಸ್ಪಿಯಾ ಊರಿನ 700 ಜನ ಇದ್ರು, ತಾವಾಗೇ ಉಳ್ಕೊಂಡಿದ್ದು, ಸ್ಪಾರ್ಟಾದವರಿಗಿಂತ ಎರಡರಷ್ಟಕ್ಕಿಂತ ಜಾಸ್ತಿ. ಅವರಿಗೆ ಯಾವ ಕಂದದಲ್ಲೂ ಜಾಗ ಇಲ್ಲ.

ಇರುವಂತಿಗೆ: ಥೆಸ್ಪಿಯಾದೋರಿಗಾದ್ರೂ ಊರಿನ ಹೆಸರು ಉಳೀತು. ಹೆಲಟರು? ಸ್ಪಾರ್ಟಾದವರ ಹೊಲ ಉತ್ತು ಅವರಿಗೆ ಅನ್ನ ಹಾಕ್ತಿದ್ದ ಜೀತದವರು, ಅವರೂ ಅಲ್ಲೇ ಸತ್ತರು. ಯುದ್ಧ ಆದ್ಮೇಲೆ ಹೆಣ ನೋಡೋಕೆ ಬಂದ ಪರ್ಷಿಯನ್ ನಾವಿಕರು ಎಲ್ಲಾ ಹೆಣಗಳೂ ಸ್ಪಾರ್ಟಾ ಮತ್ತೆ ಥೆಸ್ಪಿಯಾದವರದ್ದೇ ಅಂದ್ಕೊಂಡ್ರು, ಅದ್ರಲ್ಲಿ ಹೆಲಟರೂ ಇದ್ರು ಅಂತ ಹೆರೊಡೋಟಸ್ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗ್ತಾನೆ. ಮುಂದಿನ ವರ್ಷ ಪ್ಲಟೇಯಾ ಯುದ್ಧದಲ್ಲಂತೂ 5000 ಸ್ಪಾರ್ಟನ್ನರಿಗೆ 35000 ಹೆಲಟರು, ತಲೆಗೆ ಏಳು ಜನ. ನನ್ನ ಪದ್ಯದಲ್ಲೂ ಅವರಿಲ್ಲ, ತಪ್ಪು ನಂದೇ. ನಾಕು ಸಾಲಲ್ಲಿ ಹಿಡಿಸ್ಲಿಲ್ಲ ಅಂತ ನೆಪ ಹೇಳ್ಬಹುದು ಅಷ್ಟೆ.

ಹೊಸಲಘು: "ಲಿಯೊನಿಡ" ಅಂತ ಕಟ್ ಮಾಡಿದ್ದು ಸರಿನಾ ಅಕ್ಕ, ಲಿಯೊನಿಡಾಸ್ ಅಲ್ವಾ?

ಯತಿಭಂಗ: ಗ್ರೀಕ್ ವಿಭಕ್ತಿಪ್ರತ್ಯಯ ಕಳಚಿ ಕನ್ನಡದ್ದು ಹಾಕಿದಾರೆ, ಅದ್ರಲ್ಲಿ ತಪ್ಪೇನಿದೆ. "ಲಿಯೊನಿಡಾಸನಾಗಳ್" ಅಂದ್ರೆ ಛಂದಸ್ಸೇ ಥರ್ಮೋಪಿಲೆ ಆಗತ್ತೆ, ದಾಟೋಕಾಗಲ್ಲ.

ಛಂದೋಮಿತ್ರ: ಡೆಮರಾಟಸ್ ಹೆಸರು ಬಂತಲ್ಲ, ಅವನ ಮೇಲೇ ಇನ್ನೊಂದು ಸಮಸ್ಯೆ, ಈ ಸಲ ಭಾಮಿನೀ ಷಟ್ಪದೀಲಿ, ಪ್ರಾಸ ರಕಾರ:

ಬರಿಯ ಹಲಗೆಯನೋದಿ ರಾಣಿಯು ಸುದ್ದಿ ತಿಳಿಸಿದಳು

ಇರುವಂತಿಗೆ: ಇದು ನಂಗೇ ಅಂತ ಕೊಟ್ಟಂಗಿದೆ.

ದೊರೆತನವ ಕಳಕೊಂಡ ಡೆಮರಟ
ಪರರ ನೆಲದಿಂ ಮೇಣದಡಿಯಲಿ
ಕೊರೆದು ಕಳುಹಿದನೊಂದು ಗುಟ್ಟನು ಮರದ ಹಲಗೆಯಲಿ |
ಅರಿಯದಾದರು ಸಭೆಯ ಹಿರಿಯರು
ಕೆರೆಸಿ ಮೇಣವನೆಲ್ಲ ಗೊರ್ಗೋ
ಬರಿಯ ಹಲಗೆಯನೋದಿ ರಾಣಿಯು ಸುದ್ದಿ ತಿಳಿಸಿದಳು ||

ಆಗಿನ ಕಾಲದಲ್ಲಿ ಮರದ ಹಲಗೆಗೆ ಮೇಣ ಬಳಿದು ಆ ಮೇಣದ ಮೇಲೆ ಗೀಚಿ ಬರೀತಿದ್ರು. ಡೆಮರಾಟಸ್ ಮೇಣ ಕೆರೆದು ತೆಗೆದು, ಕ್ಸೆರ್ಕ್ಸಿಸ್ ದಂಡೆತ್ತಿ ಬರ್ತಿದಾನೆ ಅಂತ ಮರದ ಮೇಲೇ ಬರೆದು, ಮತ್ತೆ ಮೇಣ ಹೊಯ್ದು ಕಳ್ಸಿದ. ದಾರಿಯಲ್ಲಿ ಕಾವಲಿನೋರು ನೋಡಿದ್ರೆ ಖಾಲಿ ಹಲಗೆ. ಸ್ಪಾರ್ಟಾಕ್ಕೆ ಬಂತು, ಅಲ್ಲೂ ಯಾರಿಗೂ ತಲೆಬುಡ ಗೊತ್ತಾಗ್ಲಿಲ್ಲ. ಲಿಯೊನಿಡಾಸನ ಹೆಂಡತಿ ಗೊರ್ಗೊ, ಮೇಣ ಕೆರೆದು ನೋಡಿ ಅಂದ್ಳು.

ಯತಿಭಂಗ: ಹಾಗಾದ್ರೆ ಓದಿದ್ದು ಅವಳಲ್ವಲ್ಲಾ ಅಕ್ಕಾ, ಕೆರೀರಿ ಅಂದಿದ್ದು ಅವಳು, ಓದಿದ್ದು ಅವರು. ಮತ್ತೆ ಮೇಣ ಕೆರೆಸಿದ ಮೇಲೆ ಅದು ಬರಿಯ ಹಲಗೆ ಹೇಗಾಗತ್ತೆ, ಅಕ್ಷರ ಕಾಣ್ತಿದೆಯಲ್ಲ.

ಇರುವಂತಿಗೆ: ಕೆರೆಯೋಕೆ ಮುಂಚೆನೇ ಒಳಗೇನೋ ಇದೆ ಅಂತ ಹೇಳಿದ್ಳಲ್ಲ, ಅದೇ ಓದು. ಉಳಿದೋರು ಮಾಡಿದ್ದು ಅಕ್ಷರ ಕೂಡಿಸೋ ಕೆಲಸ. ಎರಡನೇ ಆಕ್ಷೇಪಣೆಗೆ ಉತ್ತರ ಇಲ್ಲ, ಅದು ನಿಜವಾದ ಹುಳುಕೇ, "ಮೇಣವನೆಲ್ಲ" ಇರೋ ಸಾಲು ಬದಲಾಯಿಸ್ಬೇಕು, ಆಮೇಲೆ ನೋಡ್ತೀನಿ.

ಛಂದೋಮಿತ್ರ: ನಾನೂ ಒಂದು ಹಾಕ್ತೀನಿ, ಪೂರಣ ಅಲ್ಲ, ಅನುವಾದ. ಥರ್ಮೋಪಿಲೆಯಲ್ಲಿ ಸತ್ತವರ ಸಮಾಧಿ ಕಲ್ಲಿನ ಮೇಲಿದ್ದ ಎರಡೇ ಸಾಲು. ಎಲ್ರೂ ಸೈಮೊನಿಡೀಸ್ ಕವಿ ಬರೆದದ್ದು ಅಂತಾರೆ, ಆದ್ರೆ ಹೆರೊಡೋಟಸ್ ಅವನ ಹೆಸರು ಹೇಳೋದು ಅಲ್ಲೇ ಸತ್ತ ಮೆಗಿಸ್ಟಿಯಾಸ್ ಅನ್ನೋ ಕಣಿ ಹೇಳೋನ ಶಾಸನಕ್ಕೆ ಮಾತ್ರ, ಸ್ನೇಹಕ್ಕಾಗಿ ಬರೆಸಿದ ಅಂತ.

ದಾರಿಯೊಳೈದುವ ಪಥಿಕನೆ
ಸಾರೆಮ್ಮವರಿಂಗೆ ಪೋಗಿ ಲಕೆಡೈಮನದೊಳ್ |
ಊರಾಣತಿಯಂ ಮೀರದೆ
ಸೇರಿದೆವೀ ನೆಲದ ಮಣ್ಣನಳುಕಿಲ್ಲದೆ ನಾಂ ||

ಲಕೆಡೈಮನ ಅಂದ್ರೆ ಸ್ಪಾರ್ಟಾನೇ. ಕಂದವನ್ನೇ ಯಾಕೆ ಆರಿಸ್ಕೊಂಡೆ ಅಂದ್ರೆ, ಗ್ರೀಕರದ್ದೂ ನಮ್ಮ ಹಾಗೆ ಗುರು-ಲಘು ಲೆಕ್ಕಾನೇ. ಆ ಶಾಸನದ ಮೊದಲ ಸಾಲು ಆರು ಗಣ, ಒಂದೊಂದೂ ಒಂದು ಗುರು ಎರಡು ಲಘು ಅಥವಾ ಎರಡು ಗುರು, ಅಂದ್ರೆ ನಾಕು ನಾಕು ಮಾತ್ರೆ. ಎರಡನೇ ಸಾಲು ಎರಡೂವರೆ ಗಣ, ಒಂದು ನಿಲುಗಡೆ, ಮತ್ತೆ ಎರಡೂವರೆ. ಒಂದು ಉದ್ದ ಒಂದು ಗಿಡ್ಡ, ಎಲ್ಲಾ ಚತುರ್ಮಾತ್ರೆ. ಕಂದ ಓದೋ ಕಿವಿಗೆ ಅದು ಅಷ್ಟೇನೂ ಹೊರಗಿನದು ಅನ್ಸಲ್ಲ.

ಇರುವಂತಿಗೆ: ಸರ್ ಮೂರು ಸಾಲು ಬಂಗಾರ, ನಾಕನೇದು ಮಾತ್ರ ನಂಗೆ ಹಿಡಿಸ್ಲಿಲ್ಲ. "ಅಳುಕಿಲ್ಲದೆ" ಮೂಲದಲ್ಲಿ ಎಲ್ಲಿದೆ? ಅವರ ಮಾತು ಕೇಳ್ಕೊಂಡು ಇಲ್ಲಿ ಬಿದ್ದಿದೀವಿ ಅನ್ನೋದಷ್ಟೇ ಇರೋದು. ಧೈರ್ಯ, ಶೌರ್ಯ, ಕೀರ್ತಿ, ಶತ್ರುವಿನ ಹೆಸರು, ಗೆದ್ದರಾ ಸೋತರಾ, ಏನೂ ಇಲ್ಲ ಅದ್ರಲ್ಲಿ. ಗಣ ತುಂಬೋಕೆ ನೀವು ಅವರ ಬಾಯಿಂದ ಹೊಗಳಿಕೆ ಹೇಳ್ಸಿದೀರಿ.

ಯತಿಭಂಗ: ಓಹೋ, "ಬೆಡಗಿನ" ನಂಗೊಬ್ಬನಿಗೇ ಅಂದ್ಕೊಂಡಿದ್ದೆ 😄

ಛಂದೋಮಿತ್ರ: ಬೈಸ್ಕೊಂಡಿದ್ದು ಸರಿಯಾಗೇ ಇದೆ. ಊಟ ಮಾಡ್ತಾ ಮಾಡ್ತಾ ತಿದ್ದಿದೆ, ಕೊನೇ ಸಾಲು ಹೀಗಿರ್ಲಿ:

ಓರಂತಿಲ್ಲಿಯೆ ನೆಲಕ್ಕೆ ಬಿಳ್ದಿರ್ದಪೆವೈ

ಇರುವಂತಿಗೆ: ಇದು ಸರಿ. "ಇಲ್ಲಿಯೆ" ಬಂತು, "ಬಿಳ್ದಿರ್ದಪೆವೈ" ಬಂತು. ಅಳುಕಿತ್ತೋ ಇಲ್ವೋ ದಾರಿಹೋಕ ಕೇಳಿಲ್ಲ, ಅವರೂ ಹೇಳಿಲ್ಲ.

ಹೊಸಲಘು: ಸರ್ ಮುಂದಿನ ವಾರಕ್ಕೆ ಈಗ್ಲೇ ಕೊಟ್ಬಿಡಿ, ನಂಗೆ ಏಳು ದಿನಾನೂ ಬೇಕಾಗತ್ತೆ.

ಛಂದೋಮಿತ್ರ: ತಗೋ. ಸಲಾಮಿಸ್ ನೌಕಾಯುದ್ಧ, ಕ್ರಿ.ಪೂ. 480, ಹ್ಯಾಲಿಕಾರ್ನಾಸಸ್‌ನ ರಾಣಿ, ಪರ್ಷಿಯನ್ನರ ಕಡೆ ಹೋರಾಡಿದ ಆರ್ಟೆಮಿಸಿಯಾ, ದಡದ ಮೇಲೆ ಕೂತು ನೋಡ್ತಿದ್ದ ಕ್ಸೆರ್ಕ್ಸಿಸ್ ಆಡಿದ ಮಾತು. ಅವಳು ಮುಳುಗಿಸಿದ ಹಡಗು ಯಾರದ್ದು ಅಂತ ನೀನೇ ಹುಡ್ಕೋ, ಪದ್ಯದ ಮಜಾ ಎಲ್ಲಾ ಅದ್ರಲ್ಲೇ ಇದೆ.

ಪೆಂಡಿರ್ ಗಂಡರ್ ವಿಚಾರಿಸಲ್ ಗಂಡರ್ ಪೆಣ್

ಪ್ರಾಸ ಬಿಂದು ಸಮೇತ ಡಕಾರ.

ಹೊಸಲಘು: ಬಿಂದು ಡಕಾರ ಅಂದ್ರೆ... ಕಂಡು, ಉಂಡು, ದಂಡು, ಮಂಡೆ, ಕುಂ

ಯತಿಭಂಗ: ಅಲ್ಲಿಗೇ ನಿಲ್ಸು.