‘ವಾಯುಭಾರ ಕುಸಿತ’: ಕುಸಿಯುವುದು ಏನು?

ಗೆಳೆಯರಿಗೆ ನಮಸ್ಕಾರ.

ಚಿತ್ರದುರ್ಗದಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಈಗ ವಾಯುಮಂಡಲದ ಪಾಠ ನಡೆಯುತ್ತಿದೆ. ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ ಅಂತ ಹೆಸರುಗಳನ್ನು ಮಕ್ಕಳು ಹೇಗೋ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ಮಾತು ಮತ್ತೆ ಕಿವಿಗೆ ಬೀಳುವುದು ಕಮ್ಮಿ. ‘ವಾಯುಭಾರ ಕುಸಿತ’ ಹಾಗಲ್ಲ. ಮಳೆಗಾಲ ಬಂತೆಂದರೆ ಟಿವಿಯಲ್ಲಿ, ಪೇಪರಿನಲ್ಲಿ, ಕಟ್ಟೆ ಮೇಲಿನ ಮಾತಿನಲ್ಲಿ ಎಲ್ಲ ಕಡೆ ಇದೇ. ನನ್ನ ಪ್ರಶ್ನೆ ಈ ಮಾತಿನ ಬಗ್ಗೆ.

ಪ್ರಶ್ನೆ ಹುಟ್ಟಿದ್ದು ಒಬ್ಬ ಹುಡುಗಿಯಿಂದ. ಈಗಿನ ಕೆಲವು ಮೊಬೈಲುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅವಳು ಅಪ್ಪನ ಮೊಬೈಲು ಹಿಡಿದು ಕೋಟೆ ಹತ್ತಿದ್ದಾಳೆ. ಕೆಳಗೆ ಬಾಗಿಲ ಹತ್ತಿರ 930ರ ಆಸುಪಾಸು ಇದ್ದ ಅಂಕಿ, ಏಕನಾಥೇಶ್ವರಿ ಗುಡಿ ಕಡೆ ಏರುತ್ತಾ ಹೋದಂತೆ ಒಂದೊಂದೇ ಇಳಿದಿದೆ. ಪುಸ್ತಕದಲ್ಲಿ ಸಮುದ್ರ ಮಟ್ಟದ ಒತ್ತಡ 1013 ಹೆಕ್ಟೊಪಾಸ್ಕಲ್ ಅಂತ ಇದೆ. ‘ಹಾಗಾದ್ರೆ ನಮ್ಮ ದುರ್ಗದಲ್ಲಿ ವರ್ಷವಿಡೀ ವಾಯುಭಾರ ಕುಸಿತ ಅಲ್ವಾ ಮಿಸ್? ಮತ್ತೆ ಮಳೆ ಯಾಕಿಲ್ಲ?’ ಅಂದಳು.

ಎಷ್ಟು ಒಳ್ಳೆಯ ಪ್ರಶ್ನೆ! 1648ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ತನ್ನ ಭಾವ ಫ್ಲೋರಿನ್ ಪೆರಿಯೆಯ ಕೈಲಿ ಇದೇ ಕೆಲಸ ಮಾಡಿಸಿದ್ದ. ಪೆರಿಯೆ ಪಾದರಸದ ಕೊಳವೆ ಹೊತ್ತು ಪುಯಿ ದ ದೋಮ್ ಬೆಟ್ಟ ಹತ್ತಿದ. ಮೇಲೆ ಹೋದಂತೆ ಪಾದರಸ ಇಳಿಯಿತು. ನಮ್ಮ ತಲೆ ಮೇಲಿರುವ ಗಾಳಿಗೆ ತೂಕ ಇದೆ, ಮೇಲೆ ಹೋದಷ್ಟೂ ಆ ತೂಕ ಕಡಿಮೆಯಾಗುತ್ತದೆ ಅನ್ನುವುದು ಹೀಗೆ ಕಣ್ಣಿಗೆ ಕಂಡಿತು. ಹೆಕ್ಟೊಪಾಸ್ಕಲ್‌ನಲ್ಲಿ ಇರುವುದು ಆ ಪ್ಯಾಸ್ಕಲ್‌ನ ಹೆಸರೇ.

ಆದ್ದರಿಂದ ‘ವಾಯುಭಾರ’ದ ಬಗ್ಗೆ ನನ್ನ ತಕರಾರಿಲ್ಲ. ತುಂಬಾ ಒಳ್ಳೆಯ ಮಾತು ಅದು. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ, ಆಕಾಶದ ತುದಿಯವರೆಗೆ ನಿಂತ ಗಾಳಿಯ ತೂಕ ಸಮುದ್ರ ಮಟ್ಟದಲ್ಲಿ ಒಂದು ಕಿಲೋಗಿಂತ ಚೂರು ಜಾಸ್ತಿ. ದುರ್ಗದ ಎತ್ತರದಲ್ಲಿ ಸುಮಾರು 950 ಗ್ರಾಂ. ‘ಒತ್ತಡ’ ಅಂದರೆ ಮಕ್ಕಳಿಗೆ ಪರೀಕ್ಷೆಯ ಒತ್ತಡ ನೆನಪಾಗುತ್ತದೆ. ‘ಭಾರ’ ಅಂದರೆ ತಟ್ಟನೆ ತಿಳಿಯುತ್ತದೆ.

ತೊಡಕಿರುವುದು ‘ಕುಸಿತ’ದಲ್ಲಿ. ಗೋಡೆ ಕುಸಿಯುತ್ತದೆ, ಮಣ್ಣು ಕುಸಿಯುತ್ತದೆ, ಈರುಳ್ಳಿ ರೇಟು ಕುಸಿಯುತ್ತದೆ. ಕೇಳಿದವರು ಏನೋ ಧಡಾರನೆ ಬಿತ್ತು ಅಂದುಕೊಳ್ಳುತ್ತಾರೆ. ನಿಜ ಬೇರೆ. ಬಂಗಾಳ ಕೊಲ್ಲಿಯಲ್ಲಿ ಎದ್ದ ಸಾಧಾರಣ ವಾಯುಭಾರ ಕುಸಿತದ ನಡುವಿನ ಒತ್ತಡ ಸುತ್ತಲಿನದಕ್ಕಿಂತ ಕೆಲವೇ ಹೆಕ್ಟೊಪಾಸ್ಕಲ್ ಕಡಿಮೆ ಇರುತ್ತದೆ. ನಮ್ಮ ಕಡೆ ಹೆಚ್ಚುಕಡಿಮೆ 9 ಮೀಟರ್ ಹತ್ತಿದರೆ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಅಂದರೆ ಆ ಹುಡುಗಿ ಕೋಟೆ ಮೇಲೆ ಕಂಡ ಇಳಿತವೇ ಅದಕ್ಕಿಂತ ಜಾಸ್ತಿ! ಎತ್ತರದಿಂದ ಆಗುವ ಈ ವ್ಯತ್ಯಾಸ ಲೆಕ್ಕ ಕೆಡಿಸಬಾರದು ಅಂತಲೇ ಹವಾಮಾನದವರು ಎಲ್ಲ ಊರಿನ ಒತ್ತಡವನ್ನೂ ಸಮುದ್ರ ಮಟ್ಟಕ್ಕೆ ಸರಿಹೊಂದಿಸಿಕೊಂಡು ಆಮೇಲೆ ಹೋಲಿಸುತ್ತಾರೆ. ಅವರಿಗೆ ಬೇಕಾದದ್ದು ಎಷ್ಟಿದೆ ಅನ್ನುವುದಲ್ಲ, ಅಕ್ಕಪಕ್ಕಕ್ಕಿಂತ ಎಷ್ಟು ಕಡಿಮೆ ಇದೆ ಅನ್ನುವುದು. ಕಡಿಮೆ ಇರುವ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಅದು ನೇರ ಹೋಗದೆ ಸುತ್ತಿಕೊಂಡು ಹೋಗುತ್ತದೆ. ನಡುವೆ ಸೇರಿದ ಗಾಳಿಗೆ ಮೇಲೇರುವುದು ಬಿಟ್ಟು ಬೇರೆ ದಾರಿಯಿಲ್ಲ. ಏರಿ ತಣ್ಣಗಾಗುತ್ತದೆ, ಆವಿ ಮೋಡವಾಗುತ್ತದೆ, ಮಳೆ ಬರುತ್ತದೆ.

ಹಾಗಾಗಿ ಮಕ್ಕಳಿಗೆ ನಾನು ‘ತಗ್ಗು’ ಅಂತ ಹೇಳಿಕೊಟ್ಟೆ. ಹೊಲದ ತಗ್ಗಿಗೆ ಸುತ್ತಲ ನೀರು ಹರಿದು ಬರುವ ಹಾಗೆ, ಒತ್ತಡದ ತಗ್ಗಿಗೆ ಗಾಳಿ ಹರಿದು ಬರುತ್ತದೆ. ತಗ್ಗು ಅನ್ನಬೇಕಾದರೆ ಪಕ್ಕದಲ್ಲಿ ದಿಬ್ಬ ಇರಲೇಬೇಕು. ಹೋಲಿಕೆ ಆ ಮಾತಿನೊಳಗೇ ಇದೆ. ಕುಸಿತದಲ್ಲಿ ಅದಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಈ ತಗ್ಗುಗಳಿಗೆ ಬೇರೆ ಬೇರೆ ಮೆಟ್ಟಿಲುಗಳಿವೆ. ಗಾಳಿಯ ವೇಗ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಆದರೆ ಡಿಪ್ರೆಶನ್. 50ರಿಂದ 61ಕ್ಕೆ ಡೀಪ್ ಡಿಪ್ರೆಶನ್. 62 ಮುಟ್ಟಿದ ಮೇಲೆ ಚಂಡಮಾರುತ; ಹೆಸರಿಡುವುದು ಆಗಲೇ. ನಮ್ಮ ಸುದ್ದಿಗಳಲ್ಲಿ ಮೊದಲ ಮೂರಕ್ಕೂ ಎಷ್ಟೋ ಸಲ ಒಂದೇ ‘ವಾಯುಭಾರ ಕುಸಿತ’. ಒಮ್ಮೊಮ್ಮೆ ‘ತೀವ್ರ’ ಅಂತ ಸೇರಿಸುತ್ತಾರೆ, ಒಮ್ಮೊಮ್ಮೆ ಇಲ್ಲ.

ಇದು ಸುಮ್ನೆ ಪದದ ಜಗಳ ಅಲ್ಲ. ಚಿತ್ತಿ, ಸ್ವಾತಿ ಮಳೆಯ ಹೊತ್ತಿಗೆ ಚಳ್ಳಕೆರೆ ಕಡೆ ಶೇಂಗಾ ಕಿತ್ತು ಹೊಲದಲ್ಲೇ ಒಣಹಾಕಿರುತ್ತಾರೆ. ದಾವಣಗೆರೆ ಕಡೆ ಮೆಕ್ಕೆಜೋಳ ರಸ್ತೆ ಬದಿಯಲ್ಲಿ, ಕಣದಲ್ಲಿ ಹರಡಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಈ ತಗ್ಗುಗಳು ಏಳುವುದೂ ಅದೇ ಕಾಲಕ್ಕೆ. ಜಡಿ ಹಿಡಿದರೆ ಶೇಂಗಾ ಬಳ್ಳಿ ಕಪ್ಪಾಗುತ್ತದೆ, ಕಾಯಿ ಮೊಳಕೆ ಬರುತ್ತದೆ. ಬಳ್ಳಿ ಕೆಟ್ಟರೆ ದನಕ್ಕೆ ಮೇವೂ ಇಲ್ಲ. ‘ವಾಯುಭಾರ ಕುಸಿತ’ ಅಂತ ಕೇಳಿ ಓಡಿ ಹೋಗಿ ತಾಡಪಾಲು ಮುಚ್ಚಿದವರಿಗೆ ಒಂದು ಸಲ ಬರೀ ಮೋಡ ಕಾಣುತ್ತದೆ. ಮುಂದಿನ ಸಲ ಅದೇ ಮಾತು ಕೇಳಿ ಸುಮ್ಮನಿದ್ದರೆ ಮೂರು ದಿನ ಬಿಡದ ಮಳೆ. ಎರಡಕ್ಕೂ ಒಂದೇ ಹೆಸರಿದ್ದರೆ ರೈತರು ಯಾವುದನ್ನು ನಂಬಬೇಕು? ಮಳೆ ಎಷ್ಟು ಅನ್ನುವುದು ಗಾಳಿಯ ವೇಗ ಒಂದರಿಂದಲೇ ತೀರ್ಮಾನ ಆಗಲ್ಲ, ನಿಜ. ಕಡಿಮೆ ಒತ್ತಡದ ಪ್ರದೇಶವೂ ಜೋರು ಮಳೆ ಸುರಿಸಬಹುದು. ಆದರೂ ಮೆಟ್ಟಿಲು ಯಾವುದು ಅಂತ ಹೆಸರಲ್ಲೇ ತಿಳಿಯಬೇಕು. ಇಲಾಖೆ ಅಷ್ಟು ಕಷ್ಟಪಟ್ಟು ಬೇರೆ ಮಾಡಿದ್ದನ್ನು ನಾವು ಕನ್ನಡದಲ್ಲಿ ಕಲಸಿಬಿಡಬಾರದು.

ಇಷ್ಟು ವರ್ಷ ಬಳಕೆಯಲ್ಲಿರುವ ‘ವಾಯುಭಾರ ಕುಸಿತ’ವನ್ನು ಕಿತ್ತುಹಾಕಲು ಆಗಲ್ಲ, ಬೇಕಾಗಿಯೂ ಇಲ್ಲ. ಅದನ್ನು ಡಿಪ್ರೆಶನ್‌ಗೆ ಮಾತ್ರ ಇಟ್ಟುಕೊಳ್ಳೋಣ. ಅದರ ಮೇಲಿನದಕ್ಕೆ ತಪ್ಪದೇ ‘ತೀವ್ರ ವಾಯುಭಾರ ಕುಸಿತ’. ಮೊದಲ ಮೆಟ್ಟಿಲಿಗೆ ‘ಒತ್ತಡದ ತಗ್ಗು’ ಅಥವಾ ಬರೀ ‘ವಾಯುತಗ್ಗು’. ಪತ್ರಿಕೆಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದೀರಿ. ಹೆಡ್‌ಲೈನಿನಲ್ಲಿ ‘ವಾಯುತಗ್ಗು’ ಕೂರುತ್ತದೆಯೇ? ಅಕ್ಷರವಂತೂ ಕಮ್ಮಿ.

ಇನ್ನೆರಡು ಕೇಳಬೇಕು. ಜಗಳೂರು, ಹರಿಹರ, ಮೊಳಕಾಲ್ಮೂರು ಕಡೆಯವರೇ, ಎಲ್ಲಿಂದಲೋ ಮೋಡ ಕವಿದು ದಿನಗಟ್ಟಲೆ ಜಡಿ ಹಿಡಿಯುವುದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಇಲ್ಲಿ ಈಗ ಎಲ್ಲರೂ ‘ಸೈಕ್ಲೋನ್ ಹಿಡಿದಿದೆ’ ಅನ್ನುತ್ತಾರೆ. ಹಳೆಯ ಮಾತಿದ್ದರೆ ದಯವಿಟ್ಟು ಬರೆಯಿರಿ. ಇನ್ನೊಂದು, ಗುಂಡಗಿರದೆ ಉದ್ದಕ್ಕೆ ಚಾಚಿಕೊಂಡ ತಗ್ಗಿಗೆ ಸುದ್ದಿಯಲ್ಲಿ ‘ಟ್ರಫ್’ ಅಂತಲೇ ಹೇಳುತ್ತಾರಲ್ಲ, ಅದಕ್ಕೆ ‘ತಗ್ಗುಸಾಲು’ ಅಂದರೆ ಹೇಗೆ? ‘ಪಟ್ಟಿ’ ಬೇಡ ಅನಿಸುತ್ತದೆ. ಭೂಮಿಯ ಒತ್ತಡ ಪಟ್ಟಿಗಳ ಪಾಠದಲ್ಲಿ ಅದು ಆಗಲೇ ಬಂದಿದೆ, ಮಕ್ಕಳು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.